ಕೋವಿಗೆ ಕೊಡುವ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ?

ಭತ್ತ ಹಾಲುಗಟ್ಟುವ ಹೊತ್ತಿಗೆ ಕೋಟ, ಸಾಲಿಗ್ರಾಮ, ಬ್ರಹ್ಮಾವರದ ಬಯಲುಗದ್ದೆಗಳಿಗೆ ನವಿಲಿನ ಹಿಂಡು ಇಳಿಯುತ್ತದೆ. ಮೂಡು ದಿಕ್ಕಿಗೆ, ಶಂಕರನಾರಾಯಣ, ಸಿದ್ದಾಪುರ, ಅಮಾಸೆಬೈಲು, ಕೊಲ್ಲೂರಿನ ಕಡೆಗೆ ಹೋದಷ್ಟೂ ಕಾಟ ಹೆಚ್ಚು: ಹಗಲು ತೆಂಗು, ಅಡಿಕೆಗೆ ಮಂಗ, ರಾತ್ರಿ ಗದ್ದೆಗೆ ಹಂದಿ, ಕಾಡಂಚಿನಲ್ಲಿ ಕಾಟಿ. ಈ ಭಾಗದ ಅನೇಕ ಕೃಷಿಕರ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇರುವ ಕೋವಿ ಇದೆ. ಕೆಲವರದು ಅಜ್ಜನ ಕಾಲದ ಕೇಪಿನ ಕೋವಿ, ಕೆಲವರದು ಒಂಟಿನಳಿಗೆ ಅಥವಾ ಜೋಡಿನಳಿಗೆಯ ತೋಟೆ ಕೋವಿ.

ಇವತ್ತಿನ ಕಿರಿಯರು ಮೊಬೈಲಿನಲ್ಲಿ ಕಾಣುವ ಕೋವಿ ಬೇರೆಯದೇ. ಮೈಯೆಲ್ಲ ಕಪ್ಪು, ಮೋಟು ನಳಿಗೆ, ಅದರ ಕೆಳಗೆ ಆರೆಂಟು ತೋಟೆ ತುಂಬುವ ಕೊಳವೆ, ಮೇಲೆ ಉಂಗುರದಂಥ ಗುರಿಕಣ್ಣು, ಪಕ್ಕದಲ್ಲಿ ಟಾರ್ಚು. ಇದನ್ನು ‘ಟ್ಯಾಕ್ಟಿಕಲ್ ಶಾಟ್‌ಗನ್’ ಎನ್ನುತ್ತಾರೆ. ಅಮೆರಿಕದಲ್ಲಿ ವಿಲ್ಸನ್ ಕಾಂಬ್ಯಾಟ್, ವ್ಯಾಂಗ್ ಕಾಂಪ್‌ನಂಥ ಕುಶಲಕರ್ಮಿ ಸಂಸ್ಥೆಗಳು ಕಾರ್ಖಾನೆಯ ಸಾಮಾನ್ಯ ಕೋವಿಯನ್ನು ಬಿಚ್ಚಿ, ಒಂದೊಂದು ಭಾಗವನ್ನೂ ತಿದ್ದಿ ಹೀಗೆ ಸಜ್ಜುಗೊಳಿಸುತ್ತವೆ. ಮೂಲ ಕೋವಿಯ ಎರಡು ಮೂರು ಪಟ್ಟು ಬೆಲೆ ಬೀಳುವುದುಂಟು. ಅಷ್ಟು ಹಣಕ್ಕೆ ತಕ್ಕ ಗುಣ ಅದರಲ್ಲಿದೆಯೇ? ಇದನ್ನು ಅಂದಚಂದ ನೋಡಿ ಹೇಳಲಾಗದು. ಕೋವಿ ಹೇಗೆ ಕೆಲಸ ಮಾಡುತ್ತದೆ ಎಂದು ಒಂದೊಂದಾಗಿ ನೋಡಬೇಕು.

ನಳಿಗೆ ಮತ್ತು ಚರೆ

‘12 ಬೋರು’ ಎಂಬ ಅಳತೆ ಹುಟ್ಟಿದ್ದು ಸೀಸದ ತೂಕದಿಂದ. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ಸೀಸವನ್ನು 12 ಸಮ ಉಂಡೆ ಮಾಡಿದರೆ ಪ್ರತಿ ಉಂಡೆಯ ಅಡ್ಡಳತೆ 18.5 ಮಿಲಿಮೀಟರ್ ಬರುತ್ತದೆ. 12 ಬೋರಿನ ನಳಿಗೆಯ ಒಳಗಲ ಅಷ್ಟು. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಅವು ಒಂಟಿ ಗುಂಡನ್ನು ತಿರುಗಿಸಿ ನೇರ ಕಳಿಸುತ್ತವೆ. ಶಾಟ್‌ಗನ್ನಿನ ಒಳಮೈ ನುಣುಪು. ಅದು ಕಳಿಸುವುದು ಚರೆಯ ಗುಂಪನ್ನು. 6ನೇ ನಂಬರಿನ ಚರೆಯಾದರೆ ಒಂದು ಔನ್ಸಿಗೆ, ಎಂದರೆ 28 ಗ್ರಾಮಿಗೆ, ಸುಮಾರು 270 ಕಾಳು. ನಂಬರು ಏರಿದಂತೆ ಕಾಳು ಸಣ್ಣದು. ಎಸ್‌ಜಿ, ಎಲ್‌ಜಿ ಎಂಬುವು ಎಂಟೊಂಬತ್ತು ಮಿಲಿಮೀಟರಿನ ದಪ್ಪ ಗುಂಡುಗಳು.

ನಳಿಗೆ ಬಿಟ್ಟ ಮೇಲೆ ಚರೆ ಹರಡುತ್ತ ಹೋಗುತ್ತದೆ. ಆ ಹರವನ್ನು ಹಿಡಿತದಲ್ಲಿಡಲು ನಳಿಗೆಯ ಬಾಯನ್ನು ತುಸು ಕಿರಿದು ಮಾಡುತ್ತಾರೆ, ಇದು ಚೋಕು. ಫುಲ್ ಚೋಕಿನಲ್ಲಿ ಬಾಯಿ ಕಿರಿದಾಗುವುದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಪರಿಣಾಮ ಮಾತ್ರ ದೊಡ್ಡದು. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಚೋಕಿಲ್ಲದ ನಳಿಗೆಯಿಂದ ನೂರಕ್ಕೆ 40ರಷ್ಟು ಚರೆ ಬಿದ್ದರೆ ಫುಲ್ ಚೋಕಿನಿಂದ 70ರಷ್ಟು ಬೀಳುತ್ತದೆ.

ದುಬಾರಿ ಕೋವಿಯ ದೊಡ್ಡ ಹೆಗ್ಗಳಿಕೆ ಇಲ್ಲಿದೆ. ತೋಟೆ ಕೂರುವ ಗೂಡು ನಳಿಗೆಗಿಂತ ಅಗಲ. ಗೂಡಿನಿಂದ ನಳಿಗೆಗೆ ಇಳಿಯುವ ಓರೆಯನ್ನು ಕುಶಲಕರ್ಮಿ ಉದ್ದವಾಗಿಸುತ್ತಾನೆ, ನಳಿಗೆಯ ಒಳಗಲವನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತಾನೆ. ಸೀಸ ಮೆತ್ತನೆಯ ಲೋಹ. ಇಕ್ಕಟ್ಟಿನಲ್ಲಿ ಒತ್ತಿಕೊಂಡ ಕಾಳು ಚಪ್ಪಟೆಯಾಗುತ್ತದೆ, ಚಪ್ಪಟೆ ಕಾಳು ಗಾಳಿಯಲ್ಲಿ ದಾರಿ ತಪ್ಪುತ್ತದೆ. ಓರೆ ನಯವಾದಷ್ಟೂ ಕಾಳು ದುಂಡಗೆ ಉಳಿದು ಚರೆಯ ಗುಂಪು ಒಟ್ಟಾಗಿ ಹೋಗುತ್ತದೆ. ಈ ತರ್ಕ ಸುಳ್ಳಲ್ಲ. ಆದರೆ ಇದೇ ಕೆಲಸವನ್ನು ತೋಟೆ ತಯಾರಕರು ತೋಟೆಯೊಳಗೇ ಮಾಡಿದ್ದಾರೆ. ಈಗಿನ ತೋಟೆಗಳಲ್ಲಿ ಚರೆ ಕೂರುವುದು ಪ್ಲಾಸ್ಟಿಕ್ ಬಟ್ಟಲಿನಲ್ಲಿ. ಅದು ಕಾಳನ್ನು ನಳಿಗೆಯ ಉಜ್ಜಾಟದಿಂದ ಕಾಯುತ್ತದೆ. ಫೆಡರಲ್ ಸಂಸ್ಥೆಯ ‘ಫ್ಲೈಟ್‌ಕಂಟ್ರೋಲ್’ ಬಟ್ಟಲಂತೂ ನಳಿಗೆ ಬಿಟ್ಟ ಮೇಲೂ ಸ್ವಲ್ಪ ದೂರ ಗುಂಡುಗಳನ್ನು ಹಿಡಿದುಕೊಂಡೇ ಸಾಗುತ್ತದೆ. ಸಾಧಾರಣ ನಳಿಗೆಯಿಂದಲೂ ಅದರ ಹರವು ಬಿಗಿಯಾಗಿರುತ್ತದೆ. ನಳಿಗೆ ಕೊರೆಸಲು ಸುರಿಯುವ ಹಣದ ಬಹುಪಾಲು ಫಲ ಒಳ್ಳೆಯ ತೋಟೆಯಲ್ಲಿ ಸಿಗುತ್ತದೆ.

ನಮ್ಮಲ್ಲಿ ಅಂಥ ವಿದೇಶಿ ತೋಟೆ ಬೇಕೆಂದೇನೂ ಇಲ್ಲ. ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ‘ಶಕ್ತಿಮಾನ್’ ತೋಟೆಯನ್ನೇ ಬೇರೆ ಬೇರೆ ನಂಬರಿನಲ್ಲಿ ತಂದು ದೊಡ್ಡ ಕಾಗದದ ಮೇಲೆ ಒಂದೊಂದು ಈಡು ಹೊಡೆದು ನೋಡಿದರೆ ಯಾವುದು ತಮ್ಮ ಕೋವಿಗೆ ಒಗ್ಗುತ್ತದೆ ಎಂದು ತಿಳಿಯುತ್ತದೆ. ಹಳೆಯ ಕೋವಿ ಇರುವವರು ಇನ್ನೊಂದು ಅಂಶ ನೆನಪಿಡಬೇಕು. ಕೆಲವು ಹಳೆಯ ನಳಿಗೆಗಳ ಗೂಡು 65 ಮಿಲಿಮೀಟರಿನದು. ತೋಟೆಯ ಮೇಲೆ ಬರೆದ 70 ಎಂಬ ಅಳತೆ ಅದರ ಬಾಯಿ ಬಿಚ್ಚಿದ ಮೇಲಿನದು. ಹಾಗಾಗಿ 70ರ ತೋಟೆ 65ರ ಗೂಡಿನೊಳಗೆ ಸಲೀಸಾಗಿ ಕೂರುತ್ತದೆ. ಈಡು ಹಾರಿದಾಗ ಬಿಚ್ಚಿದ ಬಾಯಿ ಓರೆಯಲ್ಲಿ ಸಿಕ್ಕಿ ಒತ್ತಡ ವಿಪರೀತ ಏರುತ್ತದೆ. ನಳಿಗೆಯ ಮೇಲೆ ಕೊರೆದ ಗುರುತು ಓದದೆ ತೋಟೆ ಕೊಳ್ಳಬಾರದು.

ಪಂಪು, ಕುದುರೆ, ಕೊಕ್ಕೆ

ಪಂಪ್ ಆಕ್ಷನ್ ಕೋವಿಯ ಹುಟ್ಟು ಹಳೆಯದು. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1897 ಮಾದರಿಯನ್ನು ಅಮೆರಿಕದ ಸೇನೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಬಳಸಿತು. 1918ರಲ್ಲಿ ಜರ್ಮನಿ ಅದರ ವಿರುದ್ಧ ಅಧಿಕೃತವಾಗಿ ಪ್ರತಿಭಟಿಸಿತು. 1950ರಲ್ಲಿ ಬಂದ ರೆಮಿಂಗ್ಟನ್ 870 ಒಂದು ಕೋಟಿಗೂ ಹೆಚ್ಚು ತಯಾರಾಯಿತು. ನಮ್ಮ ತಿರುಚಿರಾಪಳ್ಳಿಯ ಶಸ್ತ್ರಾಸ್ತ್ರ ಕಾರ್ಖಾನೆಯೂ 12 ಬೋರಿನ ಪಂಪ್ ಕೋವಿ ತಯಾರಿಸಿದೆ.

ಮುಂಗೈಯ ಹಿಡಿಯನ್ನು ಹಿಂದಕ್ಕೆಳೆದರೆ ಕೊಕ್ಕೆ ಖಾಲಿ ತೋಟೆಯನ್ನು ಕಿತ್ತು ಹೊರಗೆಸೆಯುತ್ತದೆ. ಮುಂದಕ್ಕೆ ತಳ್ಳಿದರೆ ಹೊಸ ತೋಟೆ ಗೂಡಿಗೆ ಸೇರುತ್ತದೆ. ಕುಶಲಕರ್ಮಿಯ ಕೈ ನಿಜವಾಗಿ ಫಲ ಕೊಡುವುದು ಈ ಜಾಗದಲ್ಲಿ. ಕೊಕ್ಕೆಯ ಅಂಚು ಚೂಪಾಗಿ ಕೂತರೆ, ಜಾರುವ ಕಂಬಿಗಳ ಒರಟು ಹೋದರೆ, ಸ್ಪ್ರಿಂಗು ಸರಿಯಾದ ಬಿಗಿಯದಾದರೆ ಸಾವಿರ ಈಡಿಗೂ ತೋಟೆ ಸಿಕ್ಕಿಬೀಳದು. ದಿನವೂ ನೂರಾರು ತೋಟೆ ಹಾರಿಸುವ ಸ್ಪರ್ಧಾಳುವಿಗೂ, ಜೀವ ಪಣಕ್ಕಿಟ್ಟ ಪೊಲೀಸಿಗೂ ಈ ಭರವಸೆಗೆ ಬೆಲೆ ಇದೆ. ವರ್ಷಕ್ಕೆ ಬೆರಳೆಣಿಕೆಯ ಈಡು ಹೊಡೆಯುವ ಕೃಷಿಕನಿಗೆ ಜೋಡಿನಳಿಗೆಯೇ ಹೆಚ್ಚು ನಂಬಿಗಸ್ತ. ಜಾರುವ ಭಾಗಗಳು ಅದರಲ್ಲಿ ಕಡಿಮೆ. ಎರಡು ನಳಿಗೆಗೆ ಎರಡು ಬೇರೆ ಬೇರೆ ಕುದುರೆ. ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ. ಮಡಚಿ ಹಿಡಿದರೆ ಕೋವಿ ಖಾಲಿ ಇದೆಯೆಂದು ಪಕ್ಕದಲ್ಲಿದ್ದವನಿಗೂ ಕಣ್ಣಿಗೆ ಕಾಣುತ್ತದೆ. ಮಕ್ಕಳುಮರಿ ಇರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಗುಣ ಬೇರಿಲ್ಲ.

ಭುಜಕ್ಕೆ ಬೀಳುವ ಏಟು

32 ಗ್ರಾಂ ಚರೆ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಟಾಗ ಮೂರು ಕಿಲೋ ಕೋವಿ ಸೆಕೆಂಡಿಗೆ ನಾಲ್ಕರಿಂದ ಐದು ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ನ್ಯೂಟನ್ನನ ಮೂರನೇ ನಿಯಮಕ್ಕೆ ರಿಯಾಯಿತಿ ಇಲ್ಲ. ಅದೇ ತೋಟೆಯನ್ನು 3.6 ಕಿಲೋ ಕೋವಿಯಿಂದ ಹಾರಿಸಿದರೆ ಏಟಿನ ಶಕ್ತಿ ಆರನೇ ಒಂದು ಭಾಗ ತಗ್ಗುತ್ತದೆ. ಹಗುರ ಕೋವಿ ಹೊರಲು ಸುಖ, ಹಾರಿಸಲು ಕಷ್ಟ.

ಈ ಏಟನ್ನು ತಗ್ಗಿಸಲೆಂದು ದುಬಾರಿ ಕೋವಿಗಳ ನಳಿಗೆಯ ತುದಿಗೆ ಸಾಲು ತೂತು ಕೊರೆಯುತ್ತಾರೆ. ಅನಿಲ ಮೇಲ್ಮುಖವಾಗಿ ಚಿಮ್ಮಿ ನಳಿಗೆ ಮೇಲೆ ಹಾರುವುದು ಕಡಿಮೆಯಾಗುತ್ತದೆ. ಜೊತೆಗೆ ಸದ್ದು ಹಾರಿಸುವವನ ಕಿವಿಗೆ ಇನ್ನಷ್ಟು ಹತ್ತಿರವಾಗುತ್ತದೆ. 12 ಬೋರಿನ ಸದ್ದು ಹೇಗೂ 150 ಡೆಸಿಬೆಲ್ ದಾಟುತ್ತದೆ. 140 ದಾಟಿದ ಒಂದೇ ಸದ್ದು ಶ್ರವಣಶಕ್ತಿಗೆ ಶಾಶ್ವತ ಹಾನಿ ಮಾಡಬಲ್ಲದು. ಏಟಿಗೆ ಒಳ್ಳೆಯ ಮದ್ದು ಬೇರೆ ಇದೆ: ಹಿಡಿಯ ಉದ್ದ. ಕುದುರೆ ಎಳೆಯುವ ಬೆರಳಿನಿಂದ ಭುಜಕ್ಕೆ ತಾಗುವ ಬುಡದವರೆಗಿನ ಅಂತರ ಕಾರ್ಖಾನೆಯ ಕೋವಿಗಳಲ್ಲಿ ಸುಮಾರು 36 ಸೆಂಟಿಮೀಟರ್. ಗಿಡ್ಡ ಕೈಯವರಿಗೆ ಅದು ಉದ್ದ. ಕೆನ್ನೆ ಸರಿಯಾಗಿ ಕೂರದೆ ಗುರಿಯೂ ತಪ್ಪುತ್ತದೆ, ತೋಳೂ ನೋಯುತ್ತದೆ. ದರ್ಜಿ ಅಳತೆ ತೆಗೆದು ಹೊಲಿದ ಅಂಗಿಯಂತೆ, ಮೈಗೆ ಹೊಂದಿಸಿದ ಮರದ ಹಿಡಿ ಮತ್ತು ಬುಡಕ್ಕೊಂದು ರಬ್ಬರ್ ಪಟ್ಟಿ ಇದ್ದರೆ ಸಾಧಾರಣ ಕೋವಿಯೇ ಬೇರೆ ಕೋವಿ ಆಗಿಬಿಡುತ್ತದೆ. ‘ಹೇಳಿ ಮಾಡಿಸುವ’ ಕೆಲಸದಲ್ಲಿ ಕೊಟ್ಟ ಕಾಸಿಗೆ ಮೋಸವಿಲ್ಲದ್ದು ಇದೊಂದು.

ಕಾನೂನು ಎಳೆದ ಗೆರೆ

1959ರ ಶಸ್ತ್ರಾಸ್ತ್ರ ಕಾಯ್ದೆ ನಮ್ಮ ಕೃಷಿಕರನ್ನು ಮರೆತಿಲ್ಲ. ಅದರ 13ನೇ ಕಲಮು ಬೆಳೆ ರಕ್ಷಣೆಗೆ ಕೇಪಿನ ಕೋವಿಯನ್ನು ಹೆಸರಿಸುತ್ತದೆ. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಅವಕಾಶವಿದೆ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆಂದು ಪಡೆಯುವ ನುಣುಪು ನಳಿಗೆಯ ಕೋವಿಗೆ ಅದು ಹೇಳುವ ನಳಿಗೆಯ ಕನಿಷ್ಠ ಉದ್ದ 20 ಇಂಚು. ಅಮೆರಿಕದ ಟ್ಯಾಕ್ಟಿಕಲ್ ಕೋವಿಗಳಲ್ಲಿ ಹೆಚ್ಚಿನವು 18 ಇಂಚಿನ ಆಸುಪಾಸಿನವು. ಇಲ್ಲಿನ ಗೆರೆಯನ್ನು ಅವು ಮುಟ್ಟುವುದೇ ಇಲ್ಲ. ನಳಿಗೆ ಮೋಟು ಮಾಡಲು, ಕೋವಿಯ ರೂಪ ಬದಲಿಸಲು ಪ್ರತ್ಯೇಕ ಪರವಾನಗಿ ಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರೆ ಅಪರಾಧ. ಸಾಮಾನ್ಯ ನಾಗರಿಕರು ವಿದೇಶದಿಂದ ಕೋವಿ ತರಿಸುವ ದಾರಿ 1980ರ ದಶಕದಿಂದಲೇ ಮುಚ್ಚಿದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ.

ಇನ್ನೊಂದು ಗೆರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ನವಿಲು ಮೊದಲ ಪಟ್ಟಿಯಲ್ಲಿದೆ; ಹಂದಿಗೂ ಮಂಗನಿಗೂ ಕಾಯ್ದೆಯ ರಕ್ಷಣೆ ಇದೆ. ಬೆಳೆ ಕಾಯುವ ಪರವಾನಗಿ ಪ್ರಾಣಿ ಕೊಲ್ಲುವ ಅನುಮತಿಯಲ್ಲ. ಹಾಗಾಗಿ ಗದ್ದೆ ಕಾಯುವವರ ಕೋವಿಗೆ ಉಳಿಯುವ ಮುಖ್ಯ ಕೆಲಸ ಸದ್ದಿನಿಂದ ಬೆದರಿಸುವುದು. ಆ ಸದ್ದು ಹುಟ್ಟುವುದು ಬಿಸಿ ಅನಿಲ ನಳಿಗೆಯ ಬಾಯಲ್ಲಿ ಒಮ್ಮೆಲೇ ಹಿಗ್ಗುವುದರಿಂದ. ಅಜ್ಜನ ಕೇಪಿನ ಕೋವಿಗೂ ಲಕ್ಷಗಟ್ಟಲೆಯ ಕೋವಿಗೂ ಇದರಲ್ಲಿ ಹಂದಿಯ ಕಿವಿಗೆ ವ್ಯತ್ಯಾಸವಿಲ್ಲ.

ಕೋವಿಗೆ ಕಟ್ಟುವ ಟಾರ್ಚಿನ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಆ ಟಾರ್ಚಿನಿಂದ ಏನನ್ನು ನೋಡಿದರೂ ಅದರತ್ತ ಕೋವಿಯನ್ನೂ ತಿರುಗಿಸಿದಂತೆ. ಮೊದಲ ಮಳೆಗೆ ಹತ್ತುಮೀನು ಹಿಡಿಯಲು, ಪಂಪ್‌ಸೆಟ್ ನೋಡಲು ರಾತ್ರಿ ಗದ್ದೆಬದಿಗೆ ಬರುವ ಮಂದಿ ನಮ್ಮಲ್ಲಿ ಬಹಳ. ಫ್ರಾನ್ಸಿನ ಸೇನಾಧಿಕಾರಿ ಜುರ್ನೆ ಕೊಟ್ಟ ಲೆಕ್ಕದ ಪ್ರಕಾರ 6ನೇ ನಂಬರಿನ ಚರೆ ಗರಿಷ್ಠ ಸುಮಾರು 200 ಮೀಟರ್, ಎಸ್‌ಜಿ ಗುಂಡು 650 ಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಗದ್ದೆಗೊಂದು ಮನೆ ಇರುವ ಕೋಟದಲ್ಲಿ ಈ ಅಂಕಿಗಳನ್ನು ಹಗುರವಾಗಿ ಕಾಣಬಾರದು.

ಉಪ್ಪುಗಾಳಿ, ಮಳೆ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಪಡುವಣದಿಂದ ಸದಾ ಉಪ್ಪಿನ ಗಾಳಿ. ಉಕ್ಕಿಗೆ ಇದಕ್ಕಿಂತ ಕೆಟ್ಟ ನೆರೆ ಇಲ್ಲ. ಕೇಪಿನ ಕೋವಿಯ ಕರಿಮದ್ದು ಉಳಿಸುವ ಬೂದಿ ಗಾಳಿಯ ತೇವ ಹೀರಿ ನಳಿಗೆಯನ್ನು ಒಳಗಿಂದ ತಿನ್ನುತ್ತದೆ. ಈ ಕರಾವಳಿಯಲ್ಲಿ ಹೆಚ್ಚು ಹಣ ಕೊಡಲು ತಕ್ಕ ಗುಣ ಯಾವುದೆಂದರೆ ನಳಿಗೆಯ ಒಳಮೈಗೆ ಕ್ರೋಮ್ ಲೇಪ, ಹೊರಮೈಗೆ ತುಕ್ಕು ತಡೆಯುವ ಲೇಪ. ಅದು ಇಲ್ಲದಿದ್ದರೆ ಈಡು ಹೊಡೆದ ದಿನವೇ ನಳಿಗೆ ತೊಳೆದು, ಒರೆಸಿ, ಎಣ್ಣೆ ಸವರುವುದು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡುವ ಕೋವಿಗೆ ವಾರಗಟ್ಟಲೆ ಕೈ ತಾಗುವುದಿಲ್ಲ. ಕೊಡುವ ಮುನ್ನ ದಪ್ಪಗೆ ಎಣ್ಣೆ ಹಚ್ಚಬೇಕು, ಮರಳಿ ತಂದ ದಿನ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಬೇಕು. ಗುಳಿಬಿದ್ದ ನಳಿಗೆ ಒಡೆಯಬಹುದು. ಒಡೆದರೆ ಹೋಗುವುದು ಎಡಗೈ.

ಹಾಗಾದರೆ ಹೆಚ್ಚಿನ ಬೆಲೆ ಯಾರಿಗೆ ಸಾರ್ಥಕ? ವರ್ಷಕ್ಕೆ ಸಾವಿರಾರು ತೋಟೆ ಹಾರಿಸುವ ಸ್ಪರ್ಧಾಳುಗಳಿಗೆ, ಇಕ್ಕಟ್ಟಿನ ಜಾಗದಲ್ಲಿ ಕೆಲಸ ಮಾಡುವ ಪೊಲೀಸ್ ಪಡೆಗಳಿಗೆ. ನಮ್ಮ ಮೂಡುಸೀಮೆಯ ಕೃಷಿಕರಿಗೆ ಅದು ಸಾರ್ಥಕವಲ್ಲ. ಆ ದುಡ್ಡಿನ ಒಂದು ಪಾಲಿನಲ್ಲಿ ಪರವಾನಗಿ ಇರುವ ಬಂದೂಕು ರಿಪೇರಿಗಾರರಿಂದ ನಳಿಗೆ, ಕುದುರೆ ಪರೀಕ್ಷೆ ಮಾಡಿಸಿ. ಹಿಡಿಯನ್ನು ಮೈಗೆ ಹೊಂದಿಸಿಕೊಳ್ಳಿ. ಗೂಡಿಗೆ ತಕ್ಕ ತೋಟೆ, ಕಿವಿಗೆ ರಕ್ಷಣೆ, ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ ಕೊಳ್ಳಿ. ಉಳಿದದ್ದನ್ನು ಗದ್ದೆಯ ಬೇಲಿಗೆ ಹಾಕಿ. ಸದ್ದಿಗೆ ಪ್ರಾಣಿಗಳು ಬೇಗ ಒಗ್ಗಿಕೊಳ್ಳುತ್ತವೆ. ಗಟ್ಟಿ ಬೇಲಿ ಮಾತ್ರ ಪ್ರತಿ ರಾತ್ರಿಯೂ ಕೆಲಸ ಮಾಡುತ್ತದೆ.