ಎಂಟು ಸಾವಿರ ಪಂದ್ಯಗಳ ನಂತರದ ಒಂದು ರಾತ್ರಿ

ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡಕ್ಕೆ ಒಳ್ಳೆಯ ಪಿಚರ್‌ಗಳ ಬರ ಬಂದದ್ದೇ ಅಪರೂಪ. ಟಾಮ್ ಸೀವರ್, ನೋಲನ್ ರಯಾನ್, ಡ್ವೈಟ್ ಗುಡನ್, ಡೇವಿಡ್ ಕೋನ್ ಅವರಂಥ ದಿಗ್ಗಜರು ಅದರ ಅಂಗಿ ತೊಟ್ಟು ಆಡಿದವರು. 1969 ಮತ್ತು 1986ರಲ್ಲಿ ಆ ತಂಡ ವರ್ಲ್ಡ್ ಸೀರೀಸ್ ಗೆದ್ದಾಗಲೂ ಅದರ ದೊಡ್ಡ ಬಲ ಪಿಚಿಂಗ್ ಆಗಿತ್ತು. ಹಾಗಿದ್ದೂ 1962ರಲ್ಲಿ ಹುಟ್ಟಿದ ಮೆಟ್ಸ್‌ಗೆ ಒಂದು ನೋ-ಹಿಟರ್ ದಕ್ಕಲು 2012ರವರೆಗೆ, ಅಂದರೆ 8,020ನೇ ಪಂದ್ಯದವರೆಗೆ ಕಾಯಬೇಕಾಯಿತು.

ಬೇಸ್‌ಬಾಲ್ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್ (ಸಮಬಲವಾದರೆ ಇನ್ನೂ ಹೆಚ್ಚು), ಪ್ರತಿ ಇನಿಂಗ್ಸ್‌ನಲ್ಲಿ ತಂಡಕ್ಕೆ ಮೂರು ಔಟ್. ಒಟ್ಟು 27 ಔಟ್ ಗಳಿಸಿದರೆ ಎದುರಾಳಿಯ ಆಟ ಮುಗಿಯಿತು. ಪಿಚರ್ ಸುಮಾರು ಹದಿನೆಂಟೂವರೆ ಮೀಟರ್ ದೂರದ ದಿಬ್ಬದ ಮೇಲಿಂದ ಚೆಂಡೆಸೆಯುತ್ತಾನೆ. ಬ್ಯಾಟರ್ ಹೊಡೆದ ಚೆಂಡು ಗೆರೆಗಳ ಒಳಗೆ ಬಿದ್ದು, ಫೀಲ್ಡರ್‌ಗಳು ಔಟ್ ಮಾಡುವುದರೊಳಗೆ ಅವನು ಬೇಸ್ ತಲುಪಿದರೆ ಅದು ಹಿಟ್. ಪಂದ್ಯವಿಡೀ ಎದುರಾಳಿಗೆ ಅಂಥ ಒಂದೇ ಒಂದು ಹಿಟ್ ಸಿಗದಿದ್ದರೆ ಅದೇ ನೋ-ಹಿಟರ್. ಕೆಟ್ಟ ಎಸೆತಗಳಿಂದಲೋ ಫೀಲ್ಡರ್‌ನ ತಪ್ಪಿನಿಂದಲೋ ಬ್ಯಾಟರ್ ಬೇಸ್ ಸೇರಿದರೆ ನೋ-ಹಿಟರ್‌ಗೆ ಕುಂದಿಲ್ಲ. ಯಾರೂ ಯಾವ ರೀತಿಯಿಂದಲೂ ಬೇಸ್ ಮುಟ್ಟದೆ, ಬಂದ 27 ಮಂದಿಯೂ ಔಟಾಗಿ ಹೋದರೆ ಅದು ಪರ್ಫೆಕ್ಟ್ ಗೇಮ್.

ನೋ-ಹಿಟರ್ ಎಸೆದವನು ಗೆದ್ದೇ ಗೆಲ್ಲಬೇಕೆಂದೂ ಇಲ್ಲ. 1964ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ನಿನ ಕೆನ್ ಜಾನ್ಸನ್ ಒಂಬತ್ತು ಇನಿಂಗ್ಸ್ ಪೂರ್ತಿ ಸಿನ್ಸಿನಾಟಿ ತಂಡಕ್ಕೆ ಒಂದೂ ಹಿಟ್ ಕೊಡದೆ 0-1ರಿಂದ ಸೋತರು. 1991ರಲ್ಲಿ ಮೇಜರ್ ಲೀಗ್ ನಿಯಮವನ್ನು ಬಿಗಿ ಮಾಡಿ, ಕನಿಷ್ಠ ಒಂಬತ್ತು ಇನಿಂಗ್ಸ್ ಆಡಿ ಪಂದ್ಯ ಮುಗಿಯುವವರೆಗೂ ಹಿಟ್ ಬೀಳದಿದ್ದರೆ ಮಾತ್ರ ನೋ-ಹಿಟರ್ ಎಂದಿತು. ಹಳೆಯ ಹಲವು ಸಾಧನೆಗಳು ಪಟ್ಟಿಯಿಂದ ಬಿದ್ದುಹೋದವು. 1959ರಲ್ಲಿ ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್ ಹನ್ನೆರಡು ಇನಿಂಗ್ಸ್ ಯಾರನ್ನೂ ಬೇಸ್ ಮುಟ್ಟಲು ಬಿಡದೆ, ಹದಿಮೂರನೆಯದರಲ್ಲಿ ಸೋತ ಪಂದ್ಯವೂ ಅವುಗಳಲ್ಲಿ ಒಂದು. ಅದನ್ನು ಕೈಬಿಟ್ಟದ್ದು ನಿಯಮಕ್ಕೆ ಸರಿ, ನ್ಯಾಯಕ್ಕಲ್ಲ.

1876ರಿಂದ ಲೆಕ್ಕ ಹಾಕಿದರೂ ಮೇಜರ್ ಲೀಗ್‌ನಲ್ಲಿ ಇಂಥ ಪಂದ್ಯಗಳು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಈಗ ಒಂದೊಂದು ವರ್ಷಕ್ಕೆ 2,400ಕ್ಕೂ ಹೆಚ್ಚು ಪಂದ್ಯಗಳು ನಡೆಯುತ್ತವೆ. ಅದೃಷ್ಟ ಬೇಗ ಒಲಿದವರೂ ಇದ್ದಾರೆ. ಮೆಟ್ಸ್ ಜೊತೆಗೇ ಹುಟ್ಟಿದ ಹ್ಯೂಸ್ಟನ್ನಿಗೆ ಎರಡನೇ ವರ್ಷವೇ ನೋ-ಹಿಟರ್ ಸಿಕ್ಕಿತು. 1969ರಲ್ಲಿ ಕಣಕ್ಕಿಳಿದ ಮಾಂಟ್ರಿಯಲ್ ತಂಡವಂತೂ ತನ್ನ ಒಂಬತ್ತನೇ ಪಂದ್ಯದಲ್ಲೇ ಅದನ್ನು ಕಂಡಿತು. ಅದನ್ನು ಎಸೆದ ಬಿಲ್ ಸ್ಟೋನ್‌ಮನ್ 1972ರಲ್ಲಿ ಇನ್ನೊಂದನ್ನು ಎಸೆದರು, ಅದೂ ಮೆಟ್ಸ್ ವಿರುದ್ಧ.

ಮೆಟ್ಸ್‌ಗೆ ಇಂಥ ಪೆಟ್ಟು ಹೊಸದೇನಲ್ಲ. ಹುಟ್ಟಿದ ವರ್ಷ 120 ಪಂದ್ಯ ಸೋತ ತಂಡ ಅದು. ಆ ಜೂನ್ 30ರಂದು ಲಾಸ್ ಏಂಜಲೀಸ್‌ನಲ್ಲಿ ಸ್ಯಾಂಡಿ ಕೋಫ್ಯಾಕ್ಸ್ ಅದಕ್ಕೆ ಒಂದೂ ಹಿಟ್ ಬಿಟ್ಟುಕೊಡಲಿಲ್ಲ. 1964ರ ಅಪ್ಪಂದಿರ ದಿನದಂದು, ಏಳು ಮಕ್ಕಳ ತಂದೆಯಾಗಿದ್ದ ಫಿಲಡೆಲ್ಫಿಯಾದ ಜಿಮ್ ಬನಿಂಗ್ ಮೆಟ್ಸ್‌ನ ತವರು ಶೇ ಸ್ಟೇಡಿಯಂನಲ್ಲೇ ಪರ್ಫೆಕ್ಟ್ ಗೇಮ್ ಎಸೆದರು. ನೋ-ಹಿಟರ್ ನಡೆಯುತ್ತಿರುವಾಗ ಡಗ್‌ಔಟ್‌ನಲ್ಲಿ ಯಾರೂ ಆ ಮಾತೆತ್ತಬಾರದು, ಪಿಚರ್ ಪಕ್ಕ ಕೂರಲೂಬಾರದು ಎಂಬುದು ಆಟಗಾರರ ಹಳೆಯ ನಂಬಿಕೆ. ಬನಿಂಗ್ ಮಾತ್ರ ಅಂದು ಅದನ್ನು ಲೆಕ್ಕಿಸದೆ, ತಾನು ಏನು ಮಾಡುತ್ತಿದ್ದೇನೆಂದು ಜೊತೆಗಾರರ ಎದುರು ಬಾಯ್ತುಂಬ ಹೇಳಿಕೊಳ್ಳುತ್ತಲೇ ಎಸೆದರು.

ಮೆಟ್ಸ್ ತಾನೇ ಈ ಸಾಧನೆಗೆ ಅತ್ಯಂತ ಹತ್ತಿರ ಬಂದದ್ದು 1969ರ ಜುಲೈ 9ರಂದು. ಶಿಕಾಗೊ ಕಬ್ಸ್ ಎದುರಾಳಿ, ಐವತ್ತು ಸಾವಿರ ಮೀರಿದ ಜನ. ಇಪ್ಪತ್ತನಾಲ್ಕು ವರ್ಷದ ಟಾಮ್ ಸೀವರ್ ಬಂದವರನ್ನೆಲ್ಲ ಔಟ್ ಮಾಡುತ್ತ ಒಂಬತ್ತನೇ ಇನಿಂಗ್ಸ್ ತಲುಪಿದರು. 25 ಮಂದಿ ಬಂದರು, 25 ಮಂದಿಯೂ ಔಟ್. ಬೇಕಾದದ್ದು ಇನ್ನೆರಡು. ಆಗ ಕ್ರೀಸಿಗೆ ಬಂದವರು ಜಿಮ್ಮಿ ಕ್ವಾಲ್ಸ್ ಎಂಬ ಹೊಸ ಹುಡುಗ. ಎಡಗೈ ಬ್ಯಾಟಿಂಗ್, ಹೆಸರು ಕೇಳಿದವರೇ ಕಡಿಮೆ. ಅವರು ಹೊಡೆದ ಚೆಂಡು ಎಡ ಮತ್ತು ನಡು ಫೀಲ್ಡರ್‌ಗಳ ಮಧ್ಯೆ ಖಾಲಿ ಹುಲ್ಲಿನ ಮೇಲೆ ಬಿತ್ತು. ಮುಂದಿನ ಇಬ್ಬರನ್ನೂ ಸೀವರ್ ಔಟ್ ಮಾಡಿದರು, ಪಂದ್ಯವನ್ನು 4-0ಯಿಂದ ಗೆದ್ದರು. ಆದರೆ ಪರ್ಫೆಕ್ಟ್ ಗೇಮ್ ಕೈತಪ್ಪಿತ್ತು. ಕ್ವಾಲ್ಸ್ ಅವರ ಮೇಜರ್ ಲೀಗ್ ಬದುಕು ಚಿಕ್ಕದು. ಆ ಒಂದು ಹೊಡೆತವಿಲ್ಲದಿದ್ದರೆ ಇಂದು ಅವರ ಹೆಸರು ಯಾರ ಬಾಯಲ್ಲೂ ಇರುತ್ತಿರಲಿಲ್ಲ.

ಮೆಟ್ಸ್ ಅಭಿಮಾನಿಗಳನ್ನು ಹೆಚ್ಚು ಉರಿಸಿದ್ದು ಮಾತ್ರ ಬಿಟ್ಟುಹೋದವರ ಸಾಧನೆ. 1971ರ ಡಿಸೆಂಬರ್‌ನಲ್ಲಿ ಜಿಮ್ ಫ್ರೆಗೋಸಿ ಎಂಬ ಆಟಗಾರನಿಗಾಗಿ ನೋಲನ್ ರಯಾನ್ ಅವರನ್ನು, ಜೊತೆಗೆ ಇನ್ನೂ ಮೂವರನ್ನು, ತಂಡ ಕ್ಯಾಲಿಫೋರ್ನಿಯಾಕ್ಕೆ ಬಿಟ್ಟುಕೊಟ್ಟಿತು. ರಯಾನ್ ಅಲ್ಲಿಂದ ಮುಂದೆ ಎಸೆದದ್ದು ಏಳು ನೋ-ಹಿಟರ್. ಕೊನೆಯದು 1991ರಲ್ಲಿ, 44ನೇ ವಯಸ್ಸಿನಲ್ಲಿ. ಏಳರ ದಾಖಲೆ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲ. 1977ರ ಜೂನ್‌ನಲ್ಲಿ ಸೀವರ್ ಅವರನ್ನೂ ಸಿನ್ಸಿನಾಟಿಗೆ ಕೊಟ್ಟರು. ಸರಿಯಾಗಿ ಒಂದು ವರ್ಷದ ಮೇಲೆ, 1978ರ ಜೂನ್ 16ರಂದು, ಅವರೂ ನೋ-ಹಿಟರ್ ಎಸೆದರು. ಹದಿಹರೆಯದಲ್ಲೇ ನ್ಯೂಯಾರ್ಕನ್ನು ಮರುಳು ಮಾಡಿದ್ದ ಡ್ವೈಟ್ ಗುಡನ್ ಮಾದಕವಸ್ತುವಿನ ಚಟದಿಂದ ಅಮಾನತುಗೊಂಡು, ಊರಿನ ಇನ್ನೊಂದು ತಂಡವಾದ ಯಾಂಕೀಸ್ ಸೇರಿ, 1996ರ ಮೇ 14ರಂದು ಸಿಯಾಟಲ್ ವಿರುದ್ಧ ನೋ-ಹಿಟರ್ ಪೂರೈಸಿದರು. ಮರುದಿನ ಅವರ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆ ಇತ್ತು. ಡೇವಿಡ್ ಕೋನ್ ಕೂಡ ಯಾಂಕೀಸ್‌ಗಾಗಿಯೇ 1999ರಲ್ಲಿ ಬರೇ 88 ಎಸೆತಗಳಲ್ಲಿ ಪರ್ಫೆಕ್ಟ್ ಗೇಮ್ ಮುಗಿಸಿದರು.

ಹೀಗಾಗಿ ಮೆಟ್ಸ್‌ಗೆ ಶಾಪವಿದೆ ಎಂಬ ಮಾತು ಹುಟ್ಟಿತು. ಶಾಪವನ್ನು ನಾನು ನಂಬುವುದಿಲ್ಲ. ಎದುರಾಳಿಗೆ ಒಂದೇ ಹಿಟ್ ಕೊಟ್ಟ ಪಂದ್ಯಗಳು ಆ ಐವತ್ತು ವರ್ಷಗಳಲ್ಲಿ ಮೆಟ್ಸ್ ಪಾಲಿಗೆ 35 ಇದ್ದವು. ಪಿಚರ್ ತನ್ನ ಕೆಲಸವನ್ನು ನೂರಕ್ಕೆ ನೂರು ಮಾಡಿದರೂ ಚೆಂಡು ಖಾಲಿ ಜಾಗದಲ್ಲಿ ಬೀಳಬಾರದು, ಫೀಲ್ಡರ್ ಓಡಿ ತಲುಪಬೇಕು, ಅಂಪೈರ್‌ನ ಕಣ್ಣು ಕೂಡಿಬರಬೇಕು. ನೋ-ಹಿಟರ್ ಒಬ್ಬನ ಹೆಸರಿಗೆ ಬರೆಯುವ ದಾಖಲೆ. ಆದರೆ ಅದನ್ನು ಕಟ್ಟಿಕೊಡುವವರು ಅನೇಕರು.

ಕೊನೆಗೂ ಎಲ್ಲ ಕೂಡಿಬಂದದ್ದು 2012ರ ಜೂನ್ 1, ಶುಕ್ರವಾರ ರಾತ್ರಿ, ನ್ಯೂಯಾರ್ಕಿನ ಸಿಟಿ ಫೀಲ್ಡ್ ಮೈದಾನದಲ್ಲಿ. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ದಿಬ್ಬದ ಮೇಲೆ ವೆನೆಜುವೆಲಾದ ಎಡಗೈ ಪಿಚರ್ ಜೋಹಾನ್ ಸಂತಾನಾ. ಮಿನೆಸೋಟದಲ್ಲಿದ್ದಾಗ 2004 ಮತ್ತು 2006ರಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದ ಅವರನ್ನು ಮೆಟ್ಸ್ 2008ರಲ್ಲಿ ಆರು ವರ್ಷಕ್ಕೆ 137.5 ಮಿಲಿಯನ್ ಡಾಲರ್ ಕೊಟ್ಟು ಕರೆತಂದಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಎಡಭುಜದ ಕೀಲನ್ನು ಬಿಗಿದಿಡುವ ಪೊರೆ ಹರಿದು ಶಸ್ತ್ರಚಿಕಿತ್ಸೆಯಾಯಿತು. 2011ರಲ್ಲಿ ಅವರು ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆಯಲಿಲ್ಲ. ಚೇತರಿಸಿಕೊಂಡು ಬಂದ ಆ ಭುಜದ ಮೇಲೆ ಮ್ಯಾನೇಜರ್ ಟೆರಿ ಕಾಲಿನ್ಸ್‌ಗೆ ಕಣ್ಣಿತ್ತು. ಅಂದು 110ರಿಂದ 115 ಎಸೆತಗಳಿಗಿಂತ ಹೆಚ್ಚು ಬೇಡ ಎಂದು ಅವರು ಮೊದಲೇ ನಿಶ್ಚಯಿಸಿದ್ದರು. ಸಂತಾನಾ ಎಸೆದ ಚೆಂಡು ಹಿಡಿದ ಕ್ಯಾಚರ್ ಜಾಶ್ ತೋಲ್ ತಲೆಗೆ ಪೆಟ್ಟಾಗಿ ವಿಶ್ರಾಂತಿಯಲ್ಲಿದ್ದು, ಅದೇ ದಿನ ತಂಡಕ್ಕೆ ಮರಳಿದವರು.

ಆರನೇ ಇನಿಂಗ್ಸ್‌ನಲ್ಲಿ ಕಾರ್ಲೋಸ್ ಬೆಲ್ಟ್ರಾನ್ ಬ್ಯಾಟ್ ಹಿಡಿದು ನಿಂತರು. ಅವರು ಕೂಡ ಹಿಂದೆ ಮೆಟ್ಸ್‌ನಲ್ಲಿದ್ದವರೇ. ಅವರು ಹೊಡೆದ ರಭಸದ ಹೊಡೆತ ಮೂರನೇ ಬೇಸ್ ದಾಟಿ ಎಡ ಗೆರೆಯ ಮೇಲೆ ಬಿತ್ತು. ಅಂಪೈರ್ ಏಡ್ರಿಯನ್ ಜಾನ್ಸನ್ ಫೌಲ್, ಅಂದರೆ ಚೆಂಡು ಗೆರೆಯ ಹೊರಗೆ ಬಿತ್ತು, ಎಂದು ಕೈ ಎತ್ತಿದರು. ಟಿವಿ ಮರುಪ್ರಸಾರದಲ್ಲಿ ಚೆಂಡು ಸುಣ್ಣದ ಗೆರೆಗೆ ತಾಗಿದ್ದು ಕಾಣುತ್ತಿತ್ತು. ಅಂದರೆ ಅದು ಹಿಟ್. ಆ ಕಾಲದಲ್ಲಿ ವಿಡಿಯೊ ಪರಿಶೀಲನೆ ಇದ್ದದ್ದು ಹೋಮ್ ರನ್ ವಿವಾದಗಳಿಗೆ ಮಾತ್ರ. ಬೇರೆ ತೀರ್ಪುಗಳಿಗೂ ಅದು ಬಂದದ್ದು 2014ರಲ್ಲಿ. ತೀರ್ಪು ಹಾಗೇ ಉಳಿಯಿತು, ಬೆಲ್ಟ್ರಾನ್ ಮತ್ತೆ ಹೊಡೆದು ಔಟಾದರು.

ಏಳನೇ ಇನಿಂಗ್ಸ್‌ನಲ್ಲಿ ಯಾಡಿಯರ್ ಮೊಲಿನಾ ಎಡಭಾಗದ ಗೋಡೆಯತ್ತ ಉದ್ದಕ್ಕೆ ಬಾರಿಸಿದರು. ಅಲ್ಲಿದ್ದವರು ಮೈಕ್ ಬ್ಯಾಕ್ಸ್ಟರ್. ಸ್ಟೇಡಿಯಂ ಇರುವ ಕ್ವೀನ್ಸ್ ಪ್ರದೇಶದಲ್ಲೇ, ಹತ್ತಿರದ ವೈಟ್‌ಸ್ಟೋನ್‌ನಲ್ಲಿ, ಮೆಟ್ಸ್ ಅಭಿಮಾನಿಯಾಗಿ ಬೆಳೆದ ಹುಡುಗ. ಅವರು ಬೆನ್ನು ತಿರುಗಿಸಿ ಓಡಿ, ಚೆಂಡನ್ನು ಕೈಗವಸಿನಲ್ಲಿ ಹಿಡಿದ ಮರುಕ್ಷಣ ಭುಜಕೊಟ್ಟು ಗೋಡೆಗೆ ಅಪ್ಪಳಿಸಿ ನೆಲಕ್ಕೆ ಕುಸಿದರು. ಚೆಂಡು ಮಾತ್ರ ಕೈಬಿಡಲಿಲ್ಲ. ಅಲ್ಲಿಗೆ ಅವರ ಆಟ ಮುಗಿಯಿತು. ಮತ್ತೆ ಕಣಕ್ಕಿಳಿಯಲು ಸುಮಾರು ಎರಡು ತಿಂಗಳು ಹಿಡಿಯಿತು. ಆ ರಾತ್ರಿಯ ನೋ-ಹಿಟರ್‌ನಲ್ಲಿ ಸಂತಾನಾ ನಂತರದ ದೊಡ್ಡ ಪಾಲು ಬ್ಯಾಕ್ಸ್ಟರ್ ಅವರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎಸೆತಗಳ ಸಂಖ್ಯೆ ಏರುತ್ತಲೇ ಇತ್ತು. ಎಂಟನೇ ಇನಿಂಗ್ಸ್ ಹೊತ್ತಿಗೆ ಕಾಲಿನ್ಸ್ ಹಾಕಿಕೊಂಡ ಮಿತಿ ದಾಟಿತ್ತು. ಒಂದು ಕಡೆ ತಂಡದ ಐವತ್ತು ವರ್ಷಗಳ ಆಸೆ, ಇನ್ನೊಂದು ಕಡೆ ಹೊಲಿಗೆ ಹಾಕಿದ ಭುಜ. ಕಾಲಿನ್ಸ್ ಸಂತಾನಾರನ್ನು ಹೊರಗೆ ಕರೆಯಲಿಲ್ಲ. ಒಂಬತ್ತನೆಯದರಲ್ಲಿ ಮ್ಯಾಟ್ ಹಾಲಿಡೇ ಮತ್ತು ಆ್ಯಲನ್ ಕ್ರೇಗ್ ಕ್ಯಾಚಿತ್ತರು. ಕೊನೆಯವರು ಹಿಂದಿನ ವರ್ಲ್ಡ್ ಸೀರೀಸ್‌ನ ಹೀರೊ ಡೇವಿಡ್ ಫ್ರೀಸ್. ಮೂರು ಬಾಲ್, ಎರಡು ಸ್ಟ್ರೈಕ್; ಇನ್ನೊಂದು ಸ್ಟ್ರೈಕ್ ಬಿದ್ದರೆ ಔಟ್. ಸಂತಾನಾ ತನ್ನ ಹೆಸರಾಂತ ಚೇಂಜ್‌ಅಪ್ ಎಸೆದರು. ವೇಗದ ಎಸೆತದ ಅದೇ ಕೈಬೀಸು, ಆದರೆ ಚೆಂಡು ನಿಧಾನ. ಫ್ರೀಸ್ ಬ್ಯಾಟ್ ಬೀಸಿ ತಪ್ಪಿದರು. ಸ್ಕೋರ್ 8-0, ಎಂಟು ಸ್ಟ್ರೈಕ್‌ಔಟ್, ಐದು ವಾಕ್ (ಕೆಟ್ಟ ಎಸೆತಗಳಿಂದ ಬೇಸ್ ಸೇರಿದವರು), ಒಟ್ಟು 134 ಎಸೆತ. ಅವರ ವೃತ್ತಿಜೀವನದಲ್ಲೇ ಅತಿ ಹೆಚ್ಚು. ಮೈದಾನ ಕುಣಿಯುತ್ತಿದ್ದಾಗಲೂ ಕಾಲಿನ್ಸ್ ಮುಖದಲ್ಲಿ ಗೆಲುವಿಗಿಂತ ಚಿಂತೆ ಹೆಚ್ಚಿತ್ತು. ಕೆಲ ದಿನಗಳಲ್ಲಿ ಆ ಕೈಗೆ ನೋವು ಬಂದರೆ ತನಗೆ ನೆಮ್ಮದಿ ಇರದು ಎಂದು ಅವರು ಪತ್ರಕರ್ತರ ಮುಂದೆ ಹೇಳಿಕೊಂಡರು.

ಮುಂದಿನ ಪಂದ್ಯದಲ್ಲೇ ಯಾಂಕೀಸ್ ಸಂತಾನಾಗೆ ನಾಲ್ಕು ಹೋಮ್ ರನ್ ಬಾರಿಸಿದರು. ಆಗಸ್ಟ್ 17ರಂದು ವಾಷಿಂಗ್ಟನ್‌ನಲ್ಲಿ ಎಸೆದದ್ದೇ ಮೇಜರ್ ಲೀಗ್‌ನಲ್ಲಿ ಅವರ ಕೊನೆಯ ಪಂದ್ಯ. 2013ರಲ್ಲಿ ಭುಜದ ಅದೇ ಪೊರೆ ಮತ್ತೆ ಹರಿಯಿತು, ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ಬೇರೆ ತಂಡಗಳ ಮೂಲಕ ಮರಳುವ ಯತ್ನಗಳೂ ಕೈಗೂಡಲಿಲ್ಲ. ಆ 134 ಎಸೆತಗಳೇ ಕಾರಣ ಎಂದು ಯಾರೂ ಸಾಬೀತು ಮಾಡಲಾರರು. ಆ ಭುಜ ಮೊದಲೇ ಒಮ್ಮೆ ಹರಿದಿತ್ತು. ಹಾಗಾಗಿ ಕಾಲಿನ್ಸ್‌ರನ್ನು ದೂರುವವರ ಜೊತೆ ನಾನಿಲ್ಲ. ಅಂದು ದಿಬ್ಬದಿಂದ ಇಳಿಯುವುದು ಸಂತಾನಾಗೆ ಬೇಡವಾಗಿತ್ತು. ಮೂವತ್ತಮೂರು ವರ್ಷದ, ಎಲ್ಲ ಬಲ್ಲ ಆಟಗಾರನ ಆ ಆಯ್ಕೆಗೆ ಮ್ಯಾನೇಜರ್ ಮಣಿದರು. ಬೆಲ್ಟ್ರಾನ್ ಚೆಂಡಿನ ನೆಪ ತೆಗೆದು ಈ ದಾಖಲೆಗೆ ಚುಕ್ಕೆ ಹಚ್ಚುವವರೂ ಇದ್ದಾರೆ. ಅಂಪೈರ್ ಎಡವಿದ್ದು ಪಿಚರ್‌ನ ತಪ್ಪಲ್ಲ. ಅಂಥ ತಪ್ಪು ತೀರ್ಪುಗಳಿಂದ ನೋ-ಹಿಟರ್ ಕಳೆದುಕೊಂಡವರೂ ಇರಬಹುದಲ್ಲ?

ಕಾಲ ಬದಲಾಗಿದೆ. 2022ರ ಏಪ್ರಿಲ್ 13ರಂದು ಲಾಸ್ ಏಂಜಲೀಸ್‌ನ ಕ್ಲೇಟನ್ ಕರ್ಷಾ ಏಳು ಇನಿಂಗ್ಸ್ ಪರ್ಫೆಕ್ಟ್ ಆಗಿ ಎಸೆದಿದ್ದರೂ, ಬರೇ 80 ಎಸೆತಕ್ಕೆ ಅವರನ್ನು ಹೊರಗೆ ಕೂರಿಸಲಾಯಿತು. ಅದೇ ತಿಂಗಳ 29ರಂದು ಫಿಲಡೆಲ್ಫಿಯಾ ವಿರುದ್ಧ ಮೆಟ್ಸ್‌ಗೆ ಎರಡನೇ ನೋ-ಹಿಟರ್ ಸಿಕ್ಕಿತು, ಐವರು ಪಿಚರ್‌ಗಳ ಕೈಯಲ್ಲಿ. ಟೈಲರ್ ಮೆಗಿಲ್ ಐದು ಇನಿಂಗ್ಸ್ ಎಸೆದು 88 ಎಸೆತಕ್ಕೆ ನಿಂತರು. ಡ್ರೂ ಸ್ಮಿತ್, ಹೋಎಲಿ ರೊಡ್ರಿಗೆಸ್, ಸೆತ್ ಲೂಗೊ ಮುಂದುವರಿಸಿದರು. ಎಡ್ವಿನ್ ಡಿಯಾಸ್ ಕೊನೆಯ ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿ 3-0ಗೆ ಮುಗಿಸಿದರು. ಒಟ್ಟು ಎಸೆತ 159. ಯಾರ ಭುಜದ ಮೇಲೂ ಹೆಚ್ಚಿನ ಭಾರ ಬೀಳಲಿಲ್ಲ. ಅದು ಜಾಣತನ, ಅದನ್ನು ಹಳಿಯಲಾರೆ. ಆದರೂ ಮನಸ್ಸು ಒಪ್ಪುವುದು ಒಬ್ಬನೇ ನಿಂತು ಮುಗಿಸಿದ್ದನ್ನು.

ಸಂತಾನಾ ನಂತರ ನೋ-ಹಿಟರ್ ಇಲ್ಲದ ಏಕೈಕ ತಂಡವಾಗಿ ಉಳಿದಿದ್ದ ಸ್ಯಾನ್ ಡಿಯಾಗೊ ಪಾಡ್ರೆಸ್‌ಗೂ 2021ರ ಏಪ್ರಿಲ್ 9ರಂದು ಜೋ ಮಸ್‌ಗ್ರೋವ್ ಆ ಕೊರತೆ ನೀಗಿಸಿದರು. ಅವರೂ ಅದೇ ಊರಿನ ಸೀಮೆಯಲ್ಲಿ ಬೆಳೆದವರು. ಈಗ ಮೇಜರ್ ಲೀಗ್‌ನ ಮೂವತ್ತೂ ತಂಡಗಳ ಲೆಕ್ಕ ಭರ್ತಿಯಾಗಿದೆ.

ಒಂದು ಬಾಕಿ ಮಾತ್ರ ತೀರಿಲ್ಲ. 2018ರಲ್ಲಿ ಹಾಲ್ ಆಫ್ ಫೇಮ್ ಮತದಾನದಲ್ಲಿ ಸಂತಾನಾಗೆ ಬಿದ್ದದ್ದು ನೂರಕ್ಕೆ 2.4 ಮತ. ಐದಕ್ಕಿಂತ ಕಡಿಮೆಯಾದ್ದರಿಂದ ಮೊದಲ ವರ್ಷವೇ ಅವರ ಹೆಸರು ಪಟ್ಟಿಯಿಂದ ಹೊರಬಿತ್ತು. ಎರಡು ಸೈ ಯಂಗ್ ಪ್ರಶಸ್ತಿ, 139 ಗೆಲುವು, ತಂಡವೊಂದು ಅರ್ಧ ಶತಮಾನ ಕಾದ ಪಂದ್ಯ. ಇಷ್ಟಿದ್ದವರನ್ನು ವೃತ್ತಿಜೀವನ ಚಿಕ್ಕದಾಯಿತೆಂದು ಬದಿಗಿಟ್ಟದ್ದು ಅನ್ಯಾಯ. ಹಿಂದಿನ ಕಾಲದ ಆಟಗಾರರನ್ನು ಪರಿಗಣಿಸುವ ಹಾಲ್ ಆಫ್ ಫೇಮ್ ಸಮಿತಿ ಅವರ ಹೆಸರನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.