ವಿಗ್ರಹವಾಕ್ಯವಿಲ್ಲದ ಸಮಾಸಗಳು: ಪ್ರಾಚೀನ ನಾರ್ಸ್ ವ್ಯಕ್ತಿನಾಮಗಳ ‘ಅರ್ಥ’

ಶಿಶುನಾಮಗಳ ಸಂಗ್ರಹಗಳಲ್ಲಿ ನಾರ್ಸ್ ಹೆಸರುಗಳಿಗೆ ಕೊಡುವ ಅರ್ಥಗಳು ಸಾಮಾನ್ಯವಾಗಿ ತತ್ಪುರುಷ ಸಮಾಸದ ವಿಗ್ರಹವಾಕ್ಯಗಳಂತಿರುತ್ತವೆ: ‘ಹರಲ್ಡ್’ ಎಂದರೆ ಸೈನ್ಯದ ಒಡೆಯ, ‘ಥೋರ್‌ಸ್ಟೇನ್’ ಎಂದರೆ ಥೋರ್ ದೇವತೆಯ ಕಲ್ಲು. ‘ಗುನ್‌ಹಿಲ್ಡ್’ ಎಂಬ ಸ್ತ್ರೀನಾಮದಲ್ಲಿ ಈ ಕ್ರಮ ಕೈಕೊಡುತ್ತದೆ. ಅದರ ಪೂರ್ವಪದ ‘ಗುನ್’ ಎಂದರೂ ಯುದ್ಧ, ಉತ್ತರಪದ ‘ಹಿಲ್ಡ್’ ಎಂದರೂ ಯುದ್ಧ. ‘ಯುದ್ಧದ ಯುದ್ಧ’ ಎಂದು ಬಿಡಿಸಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಈ ಹೆಸರುಗಳ ಘಟಕಗಳಿಗೆ ಅರ್ಥವಿದೆ, ಆದರೆ ಆ ಅರ್ಥಗಳನ್ನು ಕೂಡಿಸಿ ಇಡೀ ಹೆಸರಿನ ಅರ್ಥವನ್ನು ಪಡೆಯಲಾಗದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. (ಓದಿನ ಸೌಕರ್ಯಕ್ಕಾಗಿ ಪ್ರಥಮಾ ವಿಭಕ್ತಿಯ ಪ್ರತ್ಯಯವನ್ನು ಬಿಟ್ಟು ಹೆಸರುಗಳನ್ನು ಬರೆದಿದ್ದೇವೆ.)

ಮೊದಲನೆಯದಾಗಿ, ಘಟಕಗಳ ಕ್ರಮವನ್ನು ಗಮನಿಸೋಣ. ತತ್ಪುರುಷದಲ್ಲಿ ಪದಗಳು ಸ್ಥಾನ ಬದಲಿಸಿದರೆ ಅರ್ಥವೂ ಬದಲಾಗುತ್ತದೆ. ನಾರ್ಸ್ ಹೆಸರುಗಳಲ್ಲಾದರೋ ‘ಗುನ್‌ಹಿಲ್ಡ್’ ಇರುವಂತೆಯೇ ‘ಹಿಲ್ಡಿಗುನ್’ ಇದೆ. ‘ಥೋರ್‌ಸ್ಟೇನ್’ ಇರುವಂತೆಯೇ ‘ಸ್ಟೇನ್‌ಥೋರ್’ ಇದೆ. ಎರಡನೆಯದನ್ನು ‘ಕಲ್ಲಿನ ಥೋರ್’ ಎಂದು ಬಿಡಿಸಿ, ತಂದೆತಾಯಿಗಳ ಆಶಯವೇ ಅದಾಗಿತ್ತೆಂದು ಹೇಳಲು ಆಧಾರವಿಲ್ಲ. ಉತ್ತರಪದದ ಆಯ್ಕೆಯನ್ನು ಮುಖ್ಯವಾಗಿ ನಿಯಂತ್ರಿಸುವುದು ಲಿಂಗ. ‘ಹಿಲ್ಡ್’, ‘ಗುನ್’ ಎಂಬವು ವ್ಯಾಕರಣದಲ್ಲಿ ಸ್ತ್ರೀಲಿಂಗದ ನಾಮಪದಗಳು. ಆದ್ದರಿಂದ ಅವು ಹೆಣ್ಣುಮಕ್ಕಳ ಹೆಸರುಗಳಿಗೆ ಉತ್ತರಪದಗಳಾಗುತ್ತವೆ. ‘ಸ್ಟೇನ್’ (ಕಲ್ಲು), ‘ಉಲ್ಫ್’ (ತೋಳ) ಪುಲ್ಲಿಂಗದವು. ಅವು ಗಂಡುಮಕ್ಕಳ ಹೆಸರುಗಳಲ್ಲಿ ಬರುತ್ತವೆ.

ಹಾಗಾದರೆ ಘಟಕಗಳನ್ನು ಕೂಡಿಸುತ್ತಿದ್ದುದು ಯಾವ ತತ್ತ್ವದಿಂದ? ದಕ್ಷಿಣ ಸ್ವೀಡನ್ನಿನ ಬ್ಲೇಕಿಂಗೆ ಪ್ರಾಂತದ ಇಸ್ತಬಿ ಶಿಲಾಶಾಸನ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ. ಸುಮಾರು 7ನೆಯ ಶತಮಾನದ, ವೈಕಿಂಗ್ ಯುಗಕ್ಕಿಂತ ಹಿಂದಿನ ಈ ರೂನ್ ಲಿಪಿಯ ಶಾಸನವನ್ನು ಹೆರುವುಲ್ಫನ ಮಗ ಹಥುವುಲ್ಫನು ಹರಿವುಲ್ಫನ ನೆನಪಿಗಾಗಿ ಬರೆದನು. ಮೂರು ಹೆಸರುಗಳಲ್ಲಿಯೂ ಉತ್ತರಪದ ‘ತೋಳ’. ಪೂರ್ವಪದಗಳು ಕ್ರಮವಾಗಿ ಖಡ್ಗ, ಯುದ್ಧ, ಸೈನ್ಯ ಎಂಬ ಅರ್ಥದವು. ಮೂರೂ ಹಕಾರದಿಂದ ಆರಂಭವಾಗುತ್ತವೆ. ಇಲ್ಲಿ ಹೆಸರು ವ್ಯಕ್ತಿಯನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಅವನು ಯಾರ ಮನೆಯವನು ಎಂಬುದನ್ನು ಸೂಚಿಸುತ್ತದೆ. ಒಂದು ಘಟಕವನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸುವುದು, ಆದಿಪ್ರಾಸವನ್ನು ಕಾಯ್ದುಕೊಳ್ಳುವುದು ಇವು ಕುಲಸಂಬಂಧವನ್ನು ಶ್ರವ್ಯಗೊಳಿಸುವ ಉಪಾಯಗಳು.

ಈ ನೋಟದಿಂದ ಇನ್ನೊಂದು ತೊಡಕೂ ಬಿಡಿಸಿಕೊಳ್ಳುತ್ತದೆ. ಐಸ್‌ಲ್ಯಾಂಡ್ ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಬಳಿಕವೂ ‘ಥೋರ್’ ಪೂರ್ವಪದದ ಹೆಸರುಗಳು ಬಳಕೆಯಲ್ಲಿ ಉಳಿದವು. 1193ರಲ್ಲಿ ನಿಧನರಾಗಿ, ಮುಂದೆ ಸಂತರೆಂದು ಪೂಜಿತರಾದ ಸ್ಕಾಲ್‌ಹೋಲ್ಟ್‌ನ ಬಿಷಪ್ಪರ ಹೆಸರೇ ಥೋರ್ಲಾಕ್. ಹೆಸರು ನಂಬಿಕೆಯ ಘೋಷಣೆಯೆಂದು ಭಾವಿಸಿದರೆ ಇದು ವಿರೋಧಾಭಾಸ. ವಂಶದ ಬಳುವಳಿಯೆಂದು ಭಾವಿಸಿದರೆ ಸಹಜ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಕನ್ನಡದ ಮನೆಗಳಿಗೂ ಇದು ಅಪರಿಚಿತವಲ್ಲ.

ಕನ್ನಡ ವ್ಯಾಕರಣದ ಅಂಕಿತನಾಮ ಮತ್ತು ಅನ್ವರ್ಥನಾಮಗಳ ಭೇದ ಇಲ್ಲಿ ಬಹಳ ಉಪಯುಕ್ತ. ನಾರ್ಸ್ ಸಮಾಜದಲ್ಲಿ ವ್ಯಕ್ತಿಯ ಗುಣರೂಪಗಳನ್ನು ಹೇಳುವ ಕೆಲಸ ಉಪನಾಮಗಳದ್ದು: ‘ಕೆಂಪು’ ಎರಿಕ್, ‘ಚೆಲುಗೂದಲ’ ಹರಲ್ಡ್. ಇವು ಅನ್ವರ್ಥ, ಎರಿಕ್, ಹರಲ್ಡ್ ಎಂಬವು ಅಂಕಿತ. ಒಂದು ವರ್ಗದಿಂದ ಇನ್ನೊಂದಕ್ಕೆ ಪದಗಳು ದಾಟುವುದೂ ಉಂಟು. ಲ್ಯಾಟಿನ್ನಿನಲ್ಲಿ ‘ಮಹಾನ್’ ಎಂಬ ವಿಶೇಷಣವಾದ ‘ಮಾಗ್ನುಸ್’ ಚಕ್ರವರ್ತಿ ಶಾರ್ಲಮೇನನ ಬಿರುದಾಗಿತ್ತು. ನಾರ್ವೆಯ ದೊರೆ ಓಲಾಫ್ ಹರಲ್ಡ್ಸ್‌ಸೊನ್‌ನ ಮಗನಿಗೆ ಕವಿ ಸಿಗ್ವತ್ ಆ ಚಕ್ರವರ್ತಿಯ ನೆನಪಿನಲ್ಲಿ ಈ ಹೆಸರಿಟ್ಟನೆಂದೂ, ಅದು ತಮ್ಮ ಕುಲದ ಹೆಸರಲ್ಲವೆಂದು ದೊರೆ ಆಕ್ಷೇಪಿಸಿದನೆಂದೂ ‘ಹೈಮ್ಸ್‌ಕ್ರಿಂಗ್ಲಾ’ ಹೇಳುತ್ತದೆ. ದೊರೆಯ ಆಕ್ಷೇಪ ಅರ್ಥದ ಬಗೆಗಲ್ಲ, ವಂಶದ ಬಗೆಗೆ ಎಂಬುದು ಗಮನಾರ್ಹ. ಮುಂದೆ ಮಾಗ್ನುಸ್ ನಾರ್ವೆಯ ಹಲವು ದೊರೆಗಳ ಅಂಕಿತನಾಮವಾಯಿತು.

ಇಂದಿನ ಐಸ್‌ಲ್ಯಾಂಡಿನಲ್ಲಿಯೂ ಹೆಸರಿನ ರೂಪಕ್ಕೆ ಹೆಚ್ಚಿನ ಮಹತ್ತ್ವವಿದೆ. 1996ರ ವ್ಯಕ್ತಿನಾಮ ಕಾಯ್ದೆಯ ಪ್ರಕಾರ ಹೆಸರು ಐಸ್‌ಲ್ಯಾಂಡಿಕ್ ಷಷ್ಠೀ ವಿಭಕ್ತಿಯ ಪ್ರತ್ಯಯವನ್ನು ಪಡೆಯಬಲ್ಲದ್ದಾಗಿರಬೇಕು, ಇಲ್ಲವೇ ಆ ಭಾಷೆಯ ಸಂಪ್ರದಾಯದಲ್ಲಿ ನೆಲೆಗೊಂಡಿರಬೇಕು. ಈ ಷಷ್ಠೀರೂಪದಿಂದಲೇ ‘ಹರಲ್ಡ್ಸ್‌ಸೊನ್’ (ಹರಲ್ಡನ ಮಗ), ‘ಹರಲ್ಡ್ಸ್‌ದೋಟ್ಟಿರ್’ (ಹರಲ್ಡನ ಮಗಳು) ಎಂಬ ಪಿತೃನಾಮಗಳು ನಿಷ್ಪನ್ನವಾಗುತ್ತವೆ. ಧರಿಸಿದವರಿಗೆ ಮುಜುಗರ ತರುವ ಹೆಸರು ಸಲ್ಲದೆಂಬ ನಿಬಂಧನೆಯುಂಟು. ಆದರೆ ಹೆಸರಿಗೆ ಸದರ್ಥವಿರಬೇಕೆಂಬ ನಿಬಂಧನೆಯಿಲ್ಲ.

ಆದ್ದರಿಂದ ‘ಗುನ್‌ಹಿಲ್ಡ್ ಎಂದರೇನು?’ ಎಂದು ಕೇಳುವ ತಂದೆತಾಯಿಗಳಿಗೆ ಪ್ರಾಮಾಣಿಕವಾದ ಉತ್ತರ ಎರಡು ಭಾಗಗಳದ್ದು. ಅದರ ಘಟಕಗಳೆರಡಕ್ಕೂ ಯುದ್ಧವೆಂಬ ಅರ್ಥವಿದೆ. ಇಡೀ ಹೆಸರಿನ ಅರ್ಥ ಮಾತ್ರ ಅದನ್ನು ಹಿಂದೆ ಧರಿಸಿದ್ದವರು ಮತ್ತು ಮುಂದೆ ಧರಿಸುವ ಮಗು. ಕೋಶಗಳಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ನಮೂದಿಸುವುದು ಯುಕ್ತವೆಂದು ಭಾವಿಸುತ್ತೇವೆ.