ಮನೆಮನೆಯ ಲೆಕ್ಕ ಬಲ್ಲವರು

2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕ ಟೆಡ್ರೋಸ್ ಅವರು ಜಿನೀವಾದಲ್ಲಿ ‘ಜಾಗತಿಕ ಆರೋಗ್ಯ ನಾಯಕರು’ ಪ್ರಶಸ್ತಿ ಪ್ರಕಟಿಸಿದರು. ಒಟ್ಟು ಆರು ಪ್ರಶಸ್ತಿ. ನಾಲ್ಕು ಒಬ್ಬೊಬ್ಬ ವ್ಯಕ್ತಿಗೆ, ಉಳಿದೆರಡು ಗುಂಪುಗಳಿಗೆ. ಒಂದು ಗುಂಪು ಅಫ್ಗಾನಿಸ್ತಾನದ ಎಂಟು ಮಂದಿ ಪೋಲಿಯೊ ಲಸಿಕೆ ಸ್ವಯಂಸೇವಕರದು. ಮೂರು ತಿಂಗಳ ಹಿಂದಷ್ಟೇ ಬಂದೂಕುಧಾರಿಗಳು ಅವರನ್ನು ಕೊಂದಿದ್ದರು. ಇನ್ನೊಂದು ನಮ್ಮ ಆಶಾ ಕಾರ್ಯಕರ್ತೆಯರದು. ಅವರ ಸಂಖ್ಯೆ ಹತ್ತು ಲಕ್ಷಕ್ಕೂ ಹೆಚ್ಚು.

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೇ 2005ರಲ್ಲಿ ಹುಟ್ಟಿದ ವ್ಯವಸ್ಥೆ ಇದು. ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ. ಆಕೆ ಆ ಊರಿನಲ್ಲೇ ನೆಲೆಸಿದವಳಾಗಿರಬೇಕು, ಮದುವೆಯಾದವಳೋ ವಿಧವೆಯೋ ಗಂಡನಿಂದ ದೂರವಾದವಳೋ ಆಗಿರಬೇಕು ಎಂಬ ನಿಯಮವಿದೆ. ಮದುವೆಯಾಗದ ಹುಡುಗಿ ನಾಳೆ ಬೇರೆ ಊರಿಗೆ ಹೋದಾಳು ಎಂಬ ಲೆಕ್ಕಾಚಾರ. ಹಾಗಾಗಿ ಆಶಾ ಎಂದರೆ ಹೆಚ್ಚಾಗಿ ಊರಿನ ಸೊಸೆ. ಈ ಒಂದು ಸಂಗತಿ ಲಸಿಕೆಯ ಕೆಲಸದಲ್ಲಿ ಎಷ್ಟು ಮುಖ್ಯ ಎಂಬುದು ನಮ್ಮ ಬಾಣಂತನದ ಪದ್ಧತಿ ನೋಡಿದರೆ ತಿಳಿಯುತ್ತದೆ.

ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಹುಟ್ಟಿದ ದಿನ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಆಸ್ಪತ್ರೆಯಲ್ಲೇ ಆಗಿಬಿಡುತ್ತದೆ. ಆಮೇಲೆ 6, 10 ಮತ್ತು 14 ವಾರಕ್ಕೆ ಪೆಂಟಾವೇಲೆಂಟ್. ಜನರ ಬಾಯಲ್ಲಿ ಅವು ಒಂದೂವರೆ ತಿಂಗಳ ಸೂಜಿ, ಎರಡೂವರೆ ತಿಂಗಳ ಸೂಜಿ, ಮೂರೂವರೆ ತಿಂಗಳ ಸೂಜಿ. ಇಷ್ಟೂ ಬಾಣಂತನದ ಕಾಲಕ್ಕೇ ಬೀಳುತ್ತವೆ. ತೊಟ್ಟಿಲಾಗಿ, ಮಗು ಕುತ್ತಿಗೆ ನಿಲ್ಲಿಸಿದ ಮೇಲೆ ತಾಯಿ ಗಂಡನ ಮನೆಗೆ ಹೊರಡುತ್ತಾಳೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಸೂಜಿ ಬೀಳಬೇಕಾದದ್ದು ಅಲ್ಲಿ. ತವರೂರಿನ ಪಟ್ಟಿಯಲ್ಲಿ ಮಗು ‘ಹೋಯಿತು’. ಗಂಡನೂರಿನ ಪಟ್ಟಿಗೆ ಇನ್ನೂ ‘ಬಂದಿಲ್ಲ’. ಮಕ್ಕಳು ತಪ್ಪಿಹೋಗುವುದು ಈ ನಡುವಿನ ಜಾಗದಲ್ಲಿ. ಯಾರ ಮನೆಗೆ ಮಗಳು ಬಂದಿದ್ದಾಳೆ, ಯಾರ ಸೊಸೆ ಕೂಸು ಎತ್ತಿಕೊಂಡು ವಾಪಸಾದಳು ಎಂಬುದು ಮೊದಲು ಗೊತ್ತಾಗುವುದು ನೀರಿನ ನಲ್ಲಿಯ ಹತ್ತಿರ, ಡೇರಿಯ ಮುಂದೆ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ. ಆ ಸುದ್ದಿ ಕಿವಿಗೆ ಬಿದ್ದ ಕೂಡಲೇ ತಾಯಿ ಕಾರ್ಡ್ ಕೇಳಿಕೊಂಡು ಹೋಗುವವರು ಆಶಾ. ಈಗ ಯು-ವಿನ್ ತಂತ್ರಾಂಶ ಬಂದಿದೆ, ಮಗು ಎಲ್ಲಿದ್ದರೂ ದಾಖಲೆ ಸಿಗುತ್ತದೆ. ಒಳ್ಳೆಯದೇ. ಆದರೆ ತಂತ್ರಾಂಶ ಬಾಗಿಲು ತಟ್ಟುವುದಿಲ್ಲವಲ್ಲ.

ಬಾಗಿಲು ತಟ್ಟಿದರೂ ಕೆಲಸ ಮುಗಿಯಲಿಲ್ಲ. ಒಳಗೆ ಅಜ್ಜಿ ಇರುತ್ತಾಳೆ. “ಚೆಂದಾಗಿರೋ ಕೂಸ್ಗೆ ಜ್ವರ ಬರಿಸೋಕೆ ಬಂದ್ಯೇನವ್ವ?” ಎಂಬ ಪ್ರಶ್ನೆ ಹಳೇ ಮೈಸೂರಿನ ಕಡೆ ಯಾವ ಆಶಾಗೂ ಹೊಸದಲ್ಲ. ಪ್ರಶ್ನೆ ಮೂರ್ಖತನದ್ದೂ ಅಲ್ಲ. ಪೆಂಟಾ ಹಾಕಿಸಿದ ರಾತ್ರಿ ಹಲವು ಮಕ್ಕಳಿಗೆ ಮೈ ಕಾಯುತ್ತದೆ, ತೊಡೆ ಊದುತ್ತದೆ. ಮನೆಯವರೆಲ್ಲ ನಿದ್ದೆಗೆಡುತ್ತಾರೆ. ಜ್ವರವೇ ಬರುವುದಿಲ್ಲ ಎಂದು ಸುಳ್ಳು ಹೇಳಿದವಳನ್ನು ಮುಂದಿನ ತಿಂಗಳು ಯಾರೂ ನಂಬರು. ಅನುಭವಸ್ಥರು ಮೊದಲೇ ಹೇಳಿಬಿಡುತ್ತಾರೆ: “ಒಂದೆರಡು ದಿನ ಜ್ವರ ಬಂದೀತು ಅಜ್ಜಿ. ಸೂಜಿ ಹಾಕಿದ ಜಾಗ ಉಜ್ಜಬೇಡಿ, ಸಿಸ್ಟರ್ ಕೊಟ್ಟ ಔಷಧಿ ಹೇಳಿದಷ್ಟೇ ಹಾಕಿ, ಎದೆಹಾಲು ನಿಲ್ಲಿಸಬೇಡಿ. ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ.” ಈ ಕೊನೆಯ ಮಾತು ಉಳಿಸಿಕೊಂಡವರಿಗೆ ಮುಂದಿನ ಸೂಜಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ಕೆಲವೆಡೆ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಪುಕಾರುಗಳಿಗೆ ಉತ್ತರ ಕೊಡಬೇಕಾಗಿ ಬಂದದ್ದೂ ಇಂಥ ಪರಿಚಯದ ಮುಖಗಳಿಗೇ.

ಚುಚ್ಚುವವರು ಬೇರೆ. ದಾಖಲೆಗಳಲ್ಲಿ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ’, ಊರವರಿಗೆ ಎಂದಿನಂತೆ ನರ್ಸಮ್ಮ ಅಥವಾ ಸಿಸ್ಟರ್. ನಮ್ಮಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆಯ ದಿನ. ನಾಲ್ಕು ಐಸ್‌ಪ್ಯಾಕ್ ಜೋಡಿಸಿದ ಡಬ್ಬಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅಂಗನವಾಡಿಗೆ ಬರುತ್ತದೆ. ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಇರಬೇಕು. ಐಸ್‌ಪ್ಯಾಕ್ ಫ್ರೀಜರ್‌ನಿಂದ ತೆಗೆದ ಹಾಗೇ ಇಡುವಂತಿಲ್ಲ, ಹೊರಗಿಟ್ಟು ಅಲುಗಾಡಿಸಿದಾಗ ನೀರು ಕುಲುಕುವ ಸದ್ದು ಬಂದ ಮೇಲೆ ಇಡಬೇಕು. ಇಲ್ಲವಾದರೆ ಪೆಂಟಾದಂಥ ಲಸಿಕೆ ಹೆಪ್ಪುಗಟ್ಟಿ ಕೆಟ್ಟುಹೋಗುತ್ತದೆ. ಪ್ರತಿ ಬಾಟಲಿಯ ಮೇಲೆ ವೃತ್ತದೊಳಗೊಂದು ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ, ಅದು ವೃತ್ತದ ಬಣ್ಣಕ್ಕೆ ಸಮನಾದರೆ ಬಾಟಲಿ ಪಕ್ಕಕ್ಕೆ. ಸೂಜಿ ಹಾಕಿಸಿಕೊಳ್ಳಲು ಹೋದಾಗ ನೀವೂ ಅದನ್ನು ಕೇಳಿ ನೋಡಬಹುದು. ಸಿಸ್ಟರ್ ಬೇಸರಿಸಿಕೊಳ್ಳಲಾರರು, ಬಹುಶಃ ಖುಷಿಯೇ ಪಟ್ಟಾರು.

ಊರಿನ ಗುಂಪುಗಳ ಬಲ ಏನೆಂದು ದೇಶ ಕಂಡದ್ದು ಪೋಲಿಯೊ ಕಾಲದಲ್ಲಿ. 2009ರಲ್ಲಿ ಭಾರತದಲ್ಲಿ 741 ಪ್ರಕರಣ, ಜಗತ್ತಿನಲ್ಲೇ ಅತಿ ಹೆಚ್ಚು. ಪಶ್ಚಿಮ ಉತ್ತರ ಪ್ರದೇಶದ ಮೊರಾದಾಬಾದ್ ಸುತ್ತಮುತ್ತ, ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ಪುಕಾರು ಗಟ್ಟಿಯಾಗಿ ಕೂತಿತ್ತು. ಲಸಿಕೆ ಆದ ಮನೆಯ ಗೋಡೆಗೆ ‘ಪಿ’, ಮಗು ಸಿಗದ ಅಥವಾ ಬೇಡವೆಂದ ಮನೆಗೆ ‘ಎಕ್ಸ್’ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಎಕ್ಸ್ ಮನೆಗಳಿಗೆ ಸರ್ಕಾರಿ ಜೀಪು ಹೋದಷ್ಟೂ ಬಾಗಿಲು ಬಿಗಿಯಾಗುತ್ತಿತ್ತು. ಯುನಿಸೆಫ್ ಬೆಂಬಲದ ಜಾಲವೊಂದು ಆಯಾ ಮೊಹಲ್ಲಾದ ಹೆಂಗಸರನ್ನೇ ಕೆಲಸಕ್ಕೆ ಹಚ್ಚಿತು. ಮಸೀದಿಗಳ ಧ್ವನಿವರ್ಧಕದಲ್ಲಿ ಲಸಿಕೆಯ ದಿನ ಸಾರಿದರು. ಇಮಾಮರು, ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದವರು ಜೊತೆಗೆ ನಿಂತರು. 1985ರಿಂದಲೇ ಪೋಲಿಯೊ ಕೆಲಸಕ್ಕಿಳಿದಿದ್ದ ರೋಟರಿ ದುಡ್ಡನ್ನೂ ಜನರನ್ನೂ ಕೊಟ್ಟಿತು. ಹೊಸ ಬಗೆಯ ಲಸಿಕೆಯೂ ನೆರವಿಗೆ ಬಂತು. 2010ರಲ್ಲಿ 42 ಪ್ರಕರಣ. 2011ರ ಜನವರಿ 13ರಂದು ಹೌರಾದಲ್ಲಿ ಕಾಣಿಸಿದ್ದೇ ಕೊನೆಯದು. 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಬಂತು.

ಇಷ್ಟೆಲ್ಲ ಮಾಡುವವರಿಗೆ ನಾವು ಕೊಡುವುದೇನು? ಶಾಲು, ಹಾರ, ಹಣ್ಣಿನ ಬುಟ್ಟಿ. ರಾಷ್ಟ್ರಪತಿಗಳು ಪ್ರದಾನ ಮಾಡುವ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ 1973ರಿಂದ ಇದೆ. ಅದು ಶುಶ್ರೂಷಕರಿಗೆ, ನರ್ಸಮ್ಮನಿಗೆ ಅಲ್ಲಿ ಜಾಗವಿದೆ, ಆಶಾಗೆ ಇಲ್ಲ. ಕಾಗದದಲ್ಲಿ ಆಕೆ ನೌಕರಳೂ ಅಲ್ಲ, ಗೌರವಧನದ ಕಾರ್ಯಕರ್ತೆ. ಮಗುವಿಗೆ ಮೊದಲ ವರ್ಷದ ಅಷ್ಟೂ ಲಸಿಕೆ ಪೂರ್ಣವಾದರೆ 100 ರೂಪಾಯಿ ಪ್ರೋತ್ಸಾಹಧನ, ಎರಡನೇ ವರ್ಷದ್ದಕ್ಕೆ 75. ಜಿನೀವಾದ ಗೌರವ ಸಂದ ಮೂರನೇ ವರ್ಷ, 2025ರ ಜನವರಿ ಚಳಿಯಲ್ಲಿ, ರಾಜ್ಯದ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ಕೇಳಿದ್ದು ತಿಂಗಳಿಗೆ 15 ಸಾವಿರ. ಸಿಕ್ಕ ಭರವಸೆ 10 ಸಾವಿರ. ಪ್ರಶಸ್ತಿಯನ್ನು ಹೊಗಳಿ ಬರೆಯುವವರು ಈ ಎರಡನೇ ಸುದ್ದಿಯನ್ನೂ ಬರೆಯಬೇಕು ಎಂಬುದು ನನ್ನ ಹಟ.

ಸನ್ಮಾನವೇ ಬೇಡ ಎನ್ನುತ್ತಿಲ್ಲ. ಪಂಚಾಯಿತಿಗಳು, ಸಂಘಗಳು ಮಾಡುವುದಾದರೆ ಆಯ್ಕೆಯ ರೀತಿ ಬದಲಿಸಿ ನೋಡಬಹುದು. ಲಸಿಕೆ ಪೂರ್ಣವಾದ ಒಂದು ಮಗುವಿನ ತಾಯಿ ಕಾರ್ಡ್ ಹಿಡಿದು, ಮೂರೂವರೆ ತಿಂಗಳವರೆಗೆ ಬೆನ್ನುಹತ್ತಿದ ತವರೂರಿನ ಆಶಾ ಯಾರು, ಒಂಬತ್ತನೇ ತಿಂಗಳಿಗೆ ಹುಡುಕಿ ಹಿಡಿದ ಗಂಡನೂರಿನ ಆಶಾ ಯಾರು ಎಂದು ಪತ್ತೆ ಮಾಡಿ, ಇಬ್ಬರನ್ನೂ ಸೂಜಿ ಹಾಕಿದ ಸಿಸ್ಟರನ್ನೂ ಒಟ್ಟಿಗೆ ಕರೆಯಲಿ. ಎಷ್ಟೋ ಸಲ ಒಬ್ಬರಿಗೊಬ್ಬರು ಫೋನಿನಲ್ಲಷ್ಟೇ ಪರಿಚಯ. ಕಾರ್ಯಕ್ರಮ ಮಾತ್ರ ಗುರುವಾರ ಇಟ್ಟುಕೊಳ್ಳಬೇಡಿ. ಅಂದು ಅವರಲ್ಲಿ ಯಾರಿಗೂ ಬರಲಾಗುವುದಿಲ್ಲ.